ಹೇರ್‌ಕಟ್‌ಗೆ ಜಗಳ, ಸ್ಕೂಟರ್‌ಗೆ ಕೀ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಯೊಂದರಲ್ಲೇ ಹದಿಹರೆಯದ ಮಕ್ಕಳಿರುವ ಮನೆಗಳು ಏಳೆಂಟಾದರೂ ಇವೆ. ಸಂಜೆ ವಾಕಿಂಗ್ ಹೋದರೆ ಆ ಮನೆಗಳ ಅಮ್ಮಂದಿರು ಸಿಗುತ್ತಾರೆ. ಮಾತು ಶುರುವಾಗುವುದು ಬೀನ್ಸ್ ರೇಟಿನಿಂದ, ಬಂದು ನಿಲ್ಲುವುದು ಮಕ್ಕಳ ಹತ್ತಿರ. "ನಮ್ಮನೇಲಿ ದಿನಾ ರಾಮಾಯಣ ಕಣ್ರೀ" ಅನ್ನದವರೇ ಇಲ್ಲ. ಏನು ರಾಮಾಯಣ ಅಂತ ಕೇಳಿದರೆ ಕೂದಲು ಕಟ್ ಮಾಡಿಸಿಕೊಳ್ಳಲ್ಲ, ರೂಮಿನ ಬಾಗಿಲು ಹಾಕಿಕೊಳ್ತಾನೆ, ಮಂಚದ ಮೇಲೆ ಒದ್ದೆ ಟವೆಲ್ಲು, ತಿಂದ ತಟ್ಟೆ ಟೇಬಲ್ ಮೇಲೇ, ನೆಂಟರು ಬಂದರೆ ಹೊರಗೆ ತಲೆ ಹಾಕಲ್ಲ, ಹರಿದ ಜೀನ್ಸ್ ಹಾಕಿಕೊಂಡೇ ಗೃಹಪ್ರವೇಶಕ್ಕೆ ಬರ್ತೀನಿ ಅಂತಾಳೆ. ಹೀಗೇ ಸಾಗುತ್ತದೆ.

ಅದೇ ಮನೆಯ ಗೇಟಿನಿಂದ ಅದೇ ಹುಡುಗ ಸ್ಕೂಟರ್ ತೆಗೆದು, ಹೆಲ್ಮೆಟ್ ಇಲ್ಲದೆ, ಹಿಂದೆ ಒಬ್ಬ ಗೆಳೆಯನನ್ನು ಕೂರಿಸಿಕೊಂಡು ಟ್ಯೂಷನ್ನಿಗೆ ಹೊರಡುತ್ತಾನೆ. ವಯಸ್ಸು ಹದಿನೈದೋ ಹದಿನಾರೋ. "ಹುಷಾರು ಕಣೋ" ಅಂತ ಒಂದು ಮಾತು, ಅಷ್ಟೇ. ಅದಕ್ಕೆ ಜಗಳವೇ ಇಲ್ಲ.

ನನಗೆ ಇದು ಸೋಜಿಗ. ಜಗಳ ಆಡುವ ಶಕ್ತಿ ಅಪ್ಪ ಅಮ್ಮನಿಗೆ ಇರುವುದೇ ಒಂದಿಷ್ಟು. ಕೇಳಿಸಿಕೊಳ್ಳುವ ತಾಳ್ಮೆ ಮಕ್ಕಳಿಗೆ ಅದಕ್ಕಿಂತ ಕಡಿಮೆ. ಬೆಳಗ್ಗೆಯಿಂದ ಕೂದಲಿಗೆ, ಟವೆಲ್ಲಿಗೆ, ತಟ್ಟೆಗೆ ಬೇಡ ಬೇಡ ಅಂತ ಕೂಗಿ ಮುಗಿದಿರುತ್ತದೆ. ಆಮೇಲೆ ನಿಜವಾಗಲೂ ಹೇಳಬೇಕಾದ "ಬೇಡ" ಬಂದಾಗ ನಮ್ಮ ಗಂಟಲಲ್ಲಿ ದನಿಯಿಲ್ಲ, ಅವರ ಕಿವಿಯಲ್ಲಿ ಜಾಗವಿಲ್ಲ.

ನಮ್ಮನೆಯಲ್ಲಿ ಇಬ್ಬರಿದ್ದಾರೆ. ಮಗನಿಗೆ ಹದಿನೇಳು, ಸೆಕೆಂಡ್ ಪಿಯು. ಮಗಳಿಗೆ ಹದಿಮೂರು. ಯಾವುದಕ್ಕೆ ಜಗಳ ಆಡೋದು, ಯಾವುದನ್ನು ಸುಮ್ನೆ ಬಿಡೋದು ಅಂತ ನಾನೂ ಇವರೂ (ನಮ್ಮ ಯಜಮಾನರು) ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಪೂರ್ತಿ ಒಮ್ಮತ ಅಂತೇನೂ ಇಲ್ಲ. ಒದ್ದೆ ಟವೆಲ್ ವಿಷಯದಲ್ಲಿ ಇವರು ಇನ್ನೂ ರಾಜಿಗೆ ಬಂದಿಲ್ಲ.

ಕೂದಲನ್ನಂತೂ ಬಿಟ್ಟೆವು. ಮಗ ಮೊದಲ ಸಲ ಪಕ್ಕದಲ್ಲೆಲ್ಲ ಬೋಳು ಮಾಡಿಸಿ, ಮೇಲೆ ಮಾತ್ರ ಗುಪ್ಪೆ ಬಿಟ್ಟುಕೊಂಡು ಬಂದಾಗ ನಮ್ಮ ಅತ್ತೆ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದರು. ಕನ್ನಡಕ ಮೇಲಕ್ಕೆತ್ತಿ ನೋಡಿದರು. "ಇದೇನೋ ಇದು, ಅರ್ಧ ಸುಲಿದ ತೆಂಗಿನಕಾಯಿ ಥರ" ಅಂದರು. "ಫೇಡ್ ಅಜ್ಜಿ, ಫೇಡ್ ಅಂತಾರೆ." "ಫೇಡೋ ಗೀಡೋ, ದುಡ್ಡು ಎಷ್ಟು ತಗೊಂಡ ಅವನು?" ಅವನು ರೇಟು ಹೇಳಿದ. ಅತ್ತೆಗೆ ಕೂದಲಿಗಿಂತ ಅದೇ ಜಾಸ್ತಿ ಆಘಾತವಾಯಿತು. ಆದರೆ ಅವರೇ ಎದ್ದು ಹೋಗಿ ಬೀರುವಿನಿಂದ ನಮ್ಮ ಮಾವನ ಹಳೇ ಫೋಟೋ ತಂದು ಮೊಮ್ಮಗನ ಕೈಗಿಟ್ಟರು. ಕಾಲೇಜಿನ ದಿನದ್ದು. ದವಡೆಯವರೆಗೆ ಇಳಿದ ಕೂದಲು, ನೆಲ ಗುಡಿಸುವ ಬೆಲ್ ಬಾಟಮ್ ಪ್ಯಾಂಟು. "ನಿಮ್ಮ ತಾತನ್ನ ಅವರಪ್ಪ ಮೂರು ದಿನ ಮನೆಯೊಳಗೆ ಸೇರಿಸಿರಲಿಲ್ಲ" ಅಂದರು. ಆ ತಾತ ಮುಂದೆ ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿ, ಹುಡುಗರ ಕೂದಲು ಅಳೆದು ರಿಟೈರ್ ಆದವರು.

ಕೂದಲು ಮತ್ತೆ ಬೆಳೆಯುತ್ತದೆ. ಜೀನ್ಸು ಇನ್ನಷ್ಟು ಹರಿಯುತ್ತದೆ, ಒಂದು ದಿನ ಒರೆಸುವ ಬಟ್ಟೆ ಆಗುತ್ತದೆ. ಒಂದು ವರ್ಷ ಕಳೆದ ಮೇಲೆ ಗುರುತೂ ಉಳಿಯದ ವಿಷಯಕ್ಕೆ ನಾವು ಈವತ್ತಿನ ಊಟ ಕೆಡಿಸಿಕೊಳ್ಳುವುದಿಲ್ಲ.

ಬಾಗಿಲಿನ ವಿಷಯ ಇಷ್ಟು ಸುಲಭದ್ದಲ್ಲ. "ನಾವೇನು ಬಾಗಿಲು ಹಾಕ್ಕೊಂಡಿದ್ವಾ?" ಅನ್ನುವುದು ಇವರ ಪ್ರಶ್ನೆ. ನಿಜವೇ. ನಾವು ಬೆಳೆದ ಮನೆಗಳಲ್ಲಿ ಮಕ್ಕಳಿಗೆ ಅಂತ ರೂಮು ಎಲ್ಲಿತ್ತು? ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಸಾಲಾಗಿ ಮಲಗುತ್ತಿದ್ದೆವು. ಆದರೆ ಇವರು ಹದಿನೈದರ ವಯಸ್ಸಿನಲ್ಲಿ ಸ್ಕೂಲು ಬಿಟ್ಟ ಮೇಲೆ ಮನೆ ಸೇರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ನಡುವೆ ಕೆರೆ ಏರಿ, ಮಾವಿನ ತೋಪು, ಗರಡಿಮನೆಯ ಕಟ್ಟೆ. ಅಲ್ಲಿ ಏನು ಮಾತಾಡಿದರು, ಯಾರಿಗೆ ಹೊಡೆದರು, ಯಾರಿಂದ ತಿಂದರು, ಮೊದಲ ಬೀಡಿ ಯಾವ ಮರದಡಿ ಸೇದಿದರು, ಇವರಪ್ಪನಿಗೆ ಈವತ್ತಿಗೂ ಗೊತ್ತಿಲ್ಲ. ಹೆಣ್ಣುಮಕ್ಕಳಾದ ನಮಗೆ ಅಷ್ಟು ಸಡಿಲ ಇರಲಿಲ್ಲ. ಆದರೂ ಹಿತ್ತಲಿತ್ತು, ಬೀದಿ ನಲ್ಲಿ ಇತ್ತು, ಎಲ್ಲವನ್ನೂ ಹೇಳಿಕೊಳ್ಳಲು ಪಕ್ಕದ ಮನೆಯ ಅಕ್ಕ ಇದ್ದಳು.

ನಮ್ಮ ಮಕ್ಕಳಿಗೆ ಅದ್ಯಾವುದೂ ಇಲ್ಲ. ಮನೆ, ವ್ಯಾನು, ಕ್ಲಾಸು, ಟ್ಯೂಷನ್ನು, ಮತ್ತೆ ಮನೆ. ಕ್ಲಾಸಿನಲ್ಲಿ ಸಿಸಿಟಿವಿ. ಟೆಸ್ಟಿನಲ್ಲಿ ಎರಡು ಮಾರ್ಕ್ಸ್ ಕಡಿಮೆ ಆದರೆ ಅವರು ಮನೆ ಮುಟ್ಟುವ ಮೊದಲೇ ನಮ್ಮ ಮೊಬೈಲಿಗೆ ಮೆಸೇಜು. ದೊಡ್ಡವರ ಕಣ್ಣು ತಪ್ಪಿಸಿ ಇರಲು ಅವರಿಗೆ ಉಳಿದಿರುವುದು ಹತ್ತಡಿ ಹನ್ನೆರಡಡಿಯ ಒಂದು ರೂಮು. ನಮ್ಮ ಕೆರೆ ಏರಿ, ಹಿತ್ತಲು ಎಲ್ಲ ಸೇರಿ ಅವರ ಪಾಲಿಗೆ ಅಷ್ಟೇ ಆಗಿದೆ. ಅದರ ಬಾಗಿಲನ್ನೂ ತೆಗೆದಿಡು ಅಂದರೆ ಎಲ್ಲಿಗೆ ಹೋಗಬೇಕು ಅವರು? ಹಾಗಾಗಿ ಬಾಗಿಲು ಹಾಕಿಕೊಳ್ಳಬಹುದು, ಒಳಗಿನಿಂದ ಚಿಲಕ ಮಾತ್ರ ಹಾಕುವಂತಿಲ್ಲ. ನಾವು ತಟ್ಟದೆ ಒಳಗೆ ಹೋಗುವುದಿಲ್ಲ. ಇವರು ಶುರುವಿನಲ್ಲಿ ತಟ್ಟುತ್ತಿದ್ದ ರೀತಿ ಪೊಲೀಸರು ತಟ್ಟಿದ ಹಾಗಿತ್ತು. ಈಗ ಪರವಾಗಿಲ್ಲ.

ಇನ್ನು ಸ್ಕೂಟರ್. ಇಲ್ಲಿ ನಾವು ಒಂದಿಂಚೂ ಬಿಟ್ಟಿಲ್ಲ.

ಸರಸ್ವತಿಪುರಂ ಕಡೆ ಟ್ಯೂಷನ್ ಬಿಡುವ ಹೊತ್ತಿಗೆ ಒಂದು ಸಲ ನಿಂತು ನೋಡಿ. ಯೂನಿಫಾರಂ ಹಾಕಿಕೊಂಡವರೇ ಗಾಡಿ ತೆಗೆಯುತ್ತಿರುತ್ತಾರೆ. ಒಂದೊಂದರ ಮೇಲೆ ಇಬ್ಬರು, ಕೆಲವದರ ಮೇಲೆ ಮೂವರು. ಗಾಡಿ ಹೆಚ್ಚಾಗಿ ಅಮ್ಮಂದಿರದ್ದು. ಬಹಳ ಜನರಿಗೆ "ಹದಿನಾರಕ್ಕೆ ಗೇರ್ ಇಲ್ಲದ ಗಾಡಿಗೆ ಲೈಸೆನ್ಸ್ ಸಿಗುತ್ತೆ" ಅನ್ನುವ ಅರ್ಧ ಮಾತು ಗೊತ್ತಿದೆ. ಉಳಿದರ್ಧ ಏನೆಂದರೆ, ಆ ಹದಿನಾರರ ಸಡಿಲಿಕೆ 50 ಸಿಸಿ ಮೀರದ ಗಾಡಿಗೆ ಮಾತ್ರ. ನಮ್ಮ ಮನೆಗಳ ಮುಂದೆ ನಿಂತಿರುವ ಸ್ಕೂಟರುಗಳೆಲ್ಲ 110, 125 ಸಿಸಿಯವು. ಅವಕ್ಕೆ ಹದಿನೆಂಟು ತುಂಬಲೇಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಇದಕ್ಕೆ ಬೇರೆ ಕಲಮೇ ಇದೆ, 199ಎ. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು ಅಂತ ಕಾನೂನು ಹಿಡಿಯುತ್ತದೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ವಾಕಿಂಗ್‌ನಲ್ಲಿ ಹೇಳಿದಾಗ ಒಬ್ಬರು "ಅಯ್ಯೋ, ಇಲ್ಲೇ ತಿರುವಿನಲ್ಲಿ ಟ್ಯೂಷನ್ ಅಲ್ವಾ" ಅಂದರು. ತಿರುವಿನಲ್ಲಿ ಬಸ್ಸು ಬರಲ್ಲ ಅಂತ ಯಾರು ಹೇಳಿದರೋ.

ದಂಡಕ್ಕಿಂತ ನನ್ನ ಮನಸ್ಸಿನಲ್ಲಿ ಕೂತಿರುವುದು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೋ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಸಿಗ್ನಲ್ ಹಳದಿಗೆ ತಿರುಗಿದ ಮೇಲೆ ನಿಲ್ಲಿಸುತ್ತಾರಾ, ನುಗ್ಗುತ್ತಾರಾ ಅಂತ ನೋಡುವುದು. ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು, ದೊಡ್ಡವರು, ಮೂರೂ ಗುಂಪಿನವರನ್ನು ಆಡಿಸಿದರು. ಕೆಲವರು ಒಬ್ಬೊಬ್ಬರೇ ಆಡಿದರು, ಕೆಲವರು ಗೆಳೆಯರನ್ನು ಪಕ್ಕದಲ್ಲಿಟ್ಟುಕೊಂಡು. ಒಬ್ಬರೇ ಆಡಿದಾಗ ಚಿಕ್ಕವರಿಗೂ ದೊಡ್ಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ನುಗ್ಗುವುದು ಬಹಳ ಹೆಚ್ಚಾಯಿತು. ದೊಡ್ಡವರು ಮಾತ್ರ ಯಾರು ನೋಡಿದರೂ ಇದ್ದ ಹಾಗೇ ಇದ್ದರು.

ಅಂದರೆ "ನನ್ನ ಮಗ ಬಹಳ ನಿಧಾನಸ್ಥ, ನಾನು ಹಿಂದೆ ಕೂತು ನೋಡಿದ್ದೀನಿ" ಅನ್ನುವ ಅಪ್ಪನ ಮಾತು ಸುಳ್ಳಲ್ಲ. ಅಪ್ಪ ಹಿಂದೆ ಕೂತಾಗ ಅವನು ನಿಧಾನಸ್ಥನೇ. ಅಪ್ಪ ಇಳಿದು ಗೆಳೆಯ ಹತ್ತಿದಾಗ ಗಾಡಿ ಓಡಿಸುವವನು ಬೇರೆಯವನೇ ಆಗಿರುತ್ತಾನೆ. ಇದರಲ್ಲಿ ಅವನ ಸಂಸ್ಕಾರದ ಕೊರತೆ ಏನೂ ಇಲ್ಲ. ಆಸೆ ಹುಟ್ಟಿಸುವ ಭಾಗ ಆ ವಯಸ್ಸಿನ ಮಿದುಳಿನಲ್ಲಿ ಜೋರಾಗಿ ಕೆಲಸ ಮಾಡುತ್ತಿರುತ್ತದೆ. ತಡಿ, ಯೋಚನೆ ಮಾಡು ಅನ್ನುವ ಹಣೆಯ ಹಿಂದಿನ ಭಾಗ ಪಕ್ವವಾಗಲು ಇಪ್ಪತ್ತೈದರ ಹತ್ತಿರ ಬರಬೇಕು.

ಮಗ ಹೋದ ವರ್ಷ ಪೂರ್ತಿ ಇದಕ್ಕೆ ಗುದ್ದಾಡಿದ. "ಎಲ್ಲರೂ ಗಾಡೀಲಿ ಬರ್ತಾರೆ, ನಾನೊಬ್ಬನೇ ಸಿಟಿ ಬಸ್ಸು" ಅಂದ. ತಂಗಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೇ ಇಲ್ಲ, ತನಗೆ ಮಾತ್ರ ಪಾಸು, ಅದೂ ಒಂದು ಅನ್ಯಾಯ ಅಂತ ಸೇರಿಸಿದ. ಕೊನೆಗೊಂದು ದಿನ ನಿಜ ವಿಷಯ ಬಾಯಿಬಿಟ್ಟ. "ಅಮ್ಮ, ನನಗೆ ಬಸ್ಸು ಪರವಾಗಿಲ್ಲ. ಅವರು ರೇಗಿಸ್ತಾರೆ, ಅದು ಆಗಲ್ಲ."

ಆಗ ಇವರು ಒಂದು ಮಾತು ಹೇಳಿದರು. ಈ ಬರಹದಲ್ಲಿ ಒಂದೇ ಒಂದು ಕಿವಿಮಾತು ಇಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. "ನೋಡೋ, ನಮ್ಮಪ್ಪ ಒಂಥರಾ ತಿಕ್ಕಲು, ಕೀ ಮುಟ್ಟಿದ್ರೆ ಮನೆಗೇ ಸೇರಿಸಲ್ಲ ಅಂತ ಹೇಳ್ಕೋ. ನನ್ನ ಎಷ್ಟು ಬೇಕಾದ್ರೂ ಬೈಕೋ ಅವರ ಮುಂದೆ. ನನಗೇನೂ ಬೇಜಾರಿಲ್ಲ."

ಮಗನ ಮುಖ ನೋಡಬೇಕಿತ್ತು. ಅವನಿಗೆ ಬೇಕಾಗಿದ್ದದ್ದು ಗಾಡಿಯಲ್ಲ, ಗೆಳೆಯರ ಮುಂದೆ ಹೇಳಿಕೊಳ್ಳಲು ಮರ್ಯಾದೆಯ ಒಂದು ನೆವ. ಒಳಗೊಳಗೆ ಬೇಡ ಅನ್ನಿಸಿದರೂ ಬೇಡ ಅನ್ನಲು ಆಗದ ಸಂಕಟ ಆ ವಯಸ್ಸಿನಲ್ಲಿ ಬಹಳ ದೊಡ್ಡದು. ಸಿಗರೇಟು ಚಾಚಿದಾಗಲೂ ಅದೇ, ಚಾಮುಂಡಿ ಬೆಟ್ಟಕ್ಕೆ ರಾತ್ರಿ ರೈಡ್ ಹೋಗೋಣ ಅಂದಾಗಲೂ ಅದೇ. ಅಪ್ಪನ ತಿಕ್ಕಲುತನ ಅಲ್ಲೆಲ್ಲ ಉಪಯೋಗಕ್ಕೆ ಬರುತ್ತದೆ. ನಮ್ಮನೆಯವರು ಈಗ ಮಗನ ಗೆಳೆಯರ ಬಳಗದಲ್ಲಿ ಹಿಟ್ಲರ್ ಅಂತಲೇ ಪ್ರಸಿದ್ಧರು. ಆ ಹುಡುಗರು ಮನೆಗೆ ಬಂದಾಗ ಇವರೇ ಮಸಾಲೆ ದೋಸೆ ತರಿಸಿ ಕೊಟ್ಟರೂ ಬಿರುದು ಹೋಗಿಲ್ಲ.

ಎರಡನೆಯ ದೊಡ್ಡ ಜಗಳ ನಿದ್ದೆಯದ್ದು. ಇದರಲ್ಲಿ ಎದುರಾಳಿ ಮಗ ಅಲ್ಲ, ಟೈಮ್‌ಟೇಬಲ್.

ಹತ್ತನೇ ಕ್ಲಾಸಿನವರೆಗೆ ಒಂಬತ್ತೂವರೆಗೆ ನಿದ್ದೆ ಹೋಗುತ್ತಿದ್ದ ಹುಡುಗ ಈಗ ಹನ್ನೊಂದೂವರೆಯಾದರೂ ಕಣ್ಣು ಬಿಟ್ಟುಕೊಂಡು ಕೂತಿರುತ್ತಾನೆ. ಬೆಳಗ್ಗೆ ಐದಕ್ಕೆ ಎಬ್ಬಿಸಿದರೆ ಹೆಣದ ಹಾಗೆ ಮಲಗಿರುತ್ತಾನೆ. ಎಲ್ಲರ ಬಾಯಲ್ಲೂ ಒಂದೇ ಮಾತು, ಸೋಮಾರಿ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಅಂತ ಹೇಳದ ಹಿರಿಯರು ನಮ್ಮಲ್ಲಿ ಯಾರಿದ್ದಾರೆ? ಅಜ್ಜಂದಿರಿಗೆ ಅದು ಸರಿ. ಅರವತ್ತರ ಮೇಲೆ ನಿದ್ದೆ ತಾನಾಗಿಯೇ ಬೇಗ ಬಿಡುತ್ತದೆ. ಹದಿನಾರಕ್ಕೆ ಹಾಗಲ್ಲ. ಮೈನೆರೆಯುವ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ಕತ್ತಲಾದ ಮೇಲೆ ನಿದ್ದೆ ಬರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಚಿಕ್ಕ ಮಕ್ಕಳಿಗಿಂತ ತಡವಾಗಿ ಬಿಡುಗಡೆಯಾಗುತ್ತದೆ. ಒಂದರಿಂದ ಎರಡು ಗಂಟೆ ತಡ. ಹದಿಮೂರರಿಂದ ಹದಿನೆಂಟರವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರು ಹೇಳುತ್ತಾರೆ. ರಾತ್ರಿ ಹನ್ನೊಂದೂವರೆಗೆ ನಿದ್ದೆ ಬಂದು ಬೆಳಗ್ಗೆ ಐದಕ್ಕೆ ಎದ್ದರೆ ಎಷ್ಟಾಯಿತು, ಲೆಕ್ಕ ಹಾಕಿ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ, ಈ ವಯಸ್ಸಿನವರ ಶಾಲೆಗಳು ಬೆಳಗ್ಗೆ ಎಂಟೂವರೆಗೆ ಮೊದಲು ಶುರುವಾಗಬಾರದು ಅಂತ ಸಲಹೆ ಕೊಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕಾನೂನೇ ಬಂತು, 2022ರಿಂದ ಜಾರಿಯಲ್ಲಿದೆ. ನಮ್ಮಲ್ಲಿ ಪಿಯು ಸೈನ್ಸ್ ಅಂದರೆ ಬೆಳಗಿನ ಐದೂವರೆಗೆ ಫಿಸಿಕ್ಸ್ ಟ್ಯೂಷನ್ನು, ಅಲ್ಲಿಂದ ಕಾಲೇಜು, ಸಂಜೆ ಸಿಇಟಿ ಕೋಚಿಂಗು, ರಾತ್ರಿ ಹೋಂವರ್ಕು. ರೆಸಿಡೆನ್ಷಿಯಲ್ ಕಾಲೇಜುಗಳಿಗೆ ಸೇರಿಸಿದ ನೆಂಟರು "ಅಲ್ಲಿ ನಾಲ್ಕೂವರೆಗೇ ಬೆಲ್ ಹೊಡೀತಾರೆ" ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಲಕ್ಷಗಟ್ಟಲೆ ಕೊಟ್ಟು ಮಕ್ಕಳ ನಿದ್ದೆ ಕೆಡಿಸುವುದಕ್ಕೆ ಇಷ್ಟು ಹೆಮ್ಮೆ ಯಾಕೋ ನನಗೆ ತಿಳಿಯದು.

ನಾವು ಬೆಳಗಿನ ಟ್ಯೂಷನ್ ಬಿಡಿಸಿದೆವು. ಹೇಳಲು ಸುಲಭ. ಟ್ಯೂಷನ್ ಮೇಷ್ಟ್ರು "ಮೇಡಂ, ಸೀಟು ವಾಪಸ್ ಸಿಗಲ್ಲ" ಅಂದರು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "ಧೈರ್ಯ ಇದೆ ನಿಮಗೆ" ಅಂತ ಬರೆದರು. ಮೆಚ್ಚುಗೆ ಅಲ್ಲ ಅಂತ ನನಗೂ ಗೊತ್ತಾಯಿತು. ಮಾರ್ಕ್ಸ್ ಜಾಸ್ತಿ ಆಯಿತು ಅಂತ ಬರೆದರೆ ಈ ಕಥೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ಇದ್ದಷ್ಟೇ ಇವೆ. ಬೆಳಗ್ಗೆ ಆರೂಮುಕ್ಕಾಲಿಗೆ ಏಳುತ್ತಾನೆ, ತಿಂಡಿ ಕೂತು ತಿನ್ನುತ್ತಾನೆ, ತಂಗಿಯ ಮೇಲೆ ರೇಗುವುದು ಕಡಿಮೆಯಾಗಿದೆ. ನನಗೆ ಅಷ್ಟೇ ಸಾಕು. ಭಾನುವಾರ ಒಂಬತ್ತಾದರೂ ಏಳದಿದ್ದರೆ ಇವರು ಹಾಲ್‌ನಲ್ಲಿ ಶತಪಥ ತುಳಿಯುತ್ತಾರೆ. ತುಳಿಯಲಿ, ವಾಕಿಂಗ್ ಆಗುತ್ತದೆ.

ಸೋಮಾರಿ ಅನ್ನುವ ಬೈಗುಳದ ಬಗ್ಗೆಯೇ ಇನ್ನೊಂದು ಮಾತು, ಇದು ಮಗಳದ್ದು. ದೊಡ್ಡವಳಾದ ಮೇಲೆ ಅವಳು ಸದಾ ಸುಸ್ತು ಅನ್ನುತ್ತಿದ್ದಳು. ಆರತಿ ಮಾಡುವುದು ಬೇಡ ಅಂತ ಅವಳು ಹಟ ಹಿಡಿದಿದ್ದಳು. ಅತ್ತೆಗೆ ಬೇಸರವಾಯಿತು. ಕೊನೆಗೆ ಮನೆಮಟ್ಟಿಗೆ ಚಿಗಳಿ, ಕೊಬ್ಬರಿ ಬೆಲ್ಲ ಕೊಟ್ಟು ಮುಗಿಸಿದೆವು. ನೆಂಟರನ್ನು ಕರೆಯಲಿಲ್ಲ. ಅವಳ ಮೈಯಲ್ಲಾದ ಬದಲಾವಣೆಯನ್ನು ಛತ್ರದಲ್ಲಿ ಮೈಕ್ ಹಾಕಿ ಹೇಳಬೇಕಾಗಿಲ್ಲ ಅನ್ನುವುದು ಅವಳ ವಾದ, ನನಗೂ ಸರಿಯೇ ಅನ್ನಿಸಿತು. ಸುಸ್ತು ಮಾತ್ರ ಹೋಗಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಸ್ಕೂಲಿಂದ ಬಂದವಳೇ ಸೋಫಾ. "ಮೊಬೈಲ್ ನೋಡಿ ನೋಡಿ ಹೀಗಾಗಿದ್ದಾಳೆ" ಅಂತ ಎಲ್ಲರ ತೀರ್ಪು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಒಂಬತ್ತು ಚಿಲ್ಲರೆ. ಈ ವಯಸ್ಸಿಗೆ ಹನ್ನೆರಡಾದರೂ ಇರಬೇಕು.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಗಂಡುಮಕ್ಕಳಲ್ಲೂ ಶೇ 31.1. ಅಷ್ಟೂ ಜನರನ್ನು ಮನೆಯಲ್ಲಿ ಸೋಮಾರಿ ಅಂತ ಬೈಯುತ್ತಿರಬಹುದು ಅಲ್ವಾ? ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುವುದು ಇದಕ್ಕೇ. ಡಾಕ್ಟರು ಮಗಳಿಗೆ ಮಾತ್ರೆ ಬರೆದರು, ಜಂತುಹುಳದ ಮಾತ್ರೆಯನ್ನೂ ಕೊಟ್ಟರು. ಊಟದ ಜೊತೆ ಟೀ ಕಾಫಿ ಬೇಡ, ಅದು ಕಬ್ಬಿಣಾಂಶ ಹೀರದಂತೆ ತಡೆಯುತ್ತದೆ ಅಂದರು. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ ಅಂದರು. ದಂಟಿನ ಸೊಪ್ಪು ಕಂಡರೆ ಮೂಗು ಮುರಿಯುವ ಮಗಳು ಮಸ್ಸೊಪ್ಪಿಗೆ ಒಪ್ಪಿದ್ದಾಳೆ, ಮುದ್ದೆ ಮಾತ್ರ ಕೇಳಬೇಡ ಅನ್ನುವ ಷರತ್ತಿನ ಮೇಲೆ. ಮೂರು ತಿಂಗಳ ಹೊತ್ತಿಗೆ ಅವಳ ದನಿ ಮತ್ತೆ ಏರಿತು. ಈಗ ಬಾಯಿ ಮುಚ್ಚು ಅನ್ನಬೇಕಾಗಿದೆ.

ಇಂಥದ್ದನ್ನು ಅಮ್ಮನ ಹತ್ತಿರ ಹೇಳಿಕೊಳ್ಳಲು ನಾಚಿಕೆಯಾಗುವ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತ ಇರುತ್ತದೆ. ಮುಟ್ಟಿನ ತೊಂದರೆ, ಮೊಡವೆ, ಮೈಯ ಬದಲಾವಣೆ, ಮನಸ್ಸಿನ ಗೊಂದಲ, ಎಲ್ಲಕ್ಕೂ ಕೌನ್ಸೆಲರ್ ಹತ್ತಿರ ಮಾತಾಡಬಹುದು. ಗಂಡುಮಕ್ಕಳಿಗೂ ಇದೆ. ದನಿ ಒಡೆದು, ಮೀಸೆ ಚಿಗುರಿ, ರಾತ್ರಿ ಒದ್ದೆಯಾದ ಚಡ್ಡಿಯನ್ನು ಮುಚ್ಚಿಡುವ ಹುಡುಗನಿಗೆ ಯಾರು ಏನು ಹೇಳಿಕೊಡುತ್ತಾರೆ? ನಮ್ಮಲ್ಲಿ ಹೆಣ್ಣುಮಕ್ಕಳಿಗಾದರೂ ಚಿಗಳಿ ಸಿಗುತ್ತದೆ. ಗಂಡುಮಕ್ಕಳ ಪಾಲಿಗೆ ಏನೂ ಇಲ್ಲ. ಗೂಗಲ್ ಇದೆ.

ಮೊಬೈಲ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಎಳೆಯುವುದಿಲ್ಲ. ರಾತ್ರಿ ಹತ್ತೂವರೆಗೆ ನಾಲ್ಕೂ ಫೋನು ಹಾಲ್‌ನಲ್ಲಿ ಚಾರ್ಜಿಗೆ. ನಾಲ್ಕು ಅಂದರೆ ನಮ್ಮದೂ ಸೇರಿ. ಇದು ಇವರಿಗೇ ಜಾಸ್ತಿ ಕಷ್ಟವಾಯಿತು. ಇದಕ್ಕಿಂತ ಮುಖ್ಯ ಅಂತ ನಾನು ನಂಬಿರುವುದು ಒಂದು ಭರವಸೆ. ಯಾರಾದರೂ ಫೋಟೋ ಇಟ್ಟುಕೊಂಡು ಹೆದರಿಸಿದರೆ, ಗೇಮಿನಲ್ಲಿ ದುಡ್ಡು ಹೋದರೆ, ಗೊತ್ತಿಲ್ಲದವರ ಜೊತೆ ಚಾಟ್ ಮಾಡಿ ಸಿಕ್ಕಿಹಾಕಿಕೊಂಡರೆ, ಮೊದಲು ನಮ್ಮ ಹತ್ತಿರ ಬನ್ನಿ. ಆವತ್ತು ಬೈಯುವುದಿಲ್ಲ. ಬೈಗುಳ ಏನಿದ್ದರೂ ವಿಷಯ ಇತ್ಯರ್ಥವಾದ ಮೇಲೆ. ಮಕ್ಕಳನ್ನು ಹೆದರಿಸುವವರು ನೆಚ್ಚಿಕೊಂಡಿರುವುದೇ "ನಿಮ್ಮಪ್ಪನಿಗೆ ಹೇಳ್ತೀನಿ" ಅನ್ನುವ ಒಂದು ಮಾತನ್ನು. ಅಪ್ಪನಿಗೆ ಮೊದಲೇ ಗೊತ್ತಿದ್ದರೆ ಅವರ ಕೈಯಲ್ಲಿ ಉಳಿಯುವುದೇನು? ಸೈಬರ್ ವಂಚನೆಗೆ 1930 ನಂಬರಿದೆ ಅನ್ನುವುದನ್ನು ಫ್ರಿಜ್ ಮೇಲೆ ಅಂಟಿಸಿದ್ದೇವೆ, ಗ್ಯಾಸ್ ಬುಕಿಂಗ್ ನಂಬರಿನ ಪಕ್ಕ. ಫೋನು ಚಟವೇ ಆಗಿಹೋಗಿದೆ ಅನ್ನಿಸಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಶಟ್ ಅನ್ನುವ ಪ್ರತ್ಯೇಕ ಕ್ಲಿನಿಕ್ ಇದೆ.

ಪ್ರೀತಿ ಗೀತಿ ಅನ್ನುವುದು ನಮ್ಮ ಎರಡೂ ಪಟ್ಟಿಗೆ ಸೇರಲಿಲ್ಲ. ಜಗಳ ಆಡಿ ನಿಲ್ಲಿಸುವಂಥದ್ದಲ್ಲ, ಸುಮ್ನೆ ಬಿಡುವಂಥದ್ದೂ ಅಲ್ಲ. ಹರೆಯಕ್ಕೆ ಬಂದಾಗ ಹಂದಿಮರಿಯೂ ಚೆಂದ ಅನ್ನುವುದು ನಮ್ಮ ಹಿರಿಯರದ್ದೇ ಗಾದೆ, ಅವರಿಗೂ ಎಲ್ಲ ಗೊತ್ತಿತ್ತು. ಮಗನ ಬಾಯಲ್ಲಿ ಒಂದು ಹುಡುಗಿಯ ಹೆಸರು ಪದೇಪದೇ ಬರತೊಡಗಿದಾಗ ನಾನು ಕೇಳಿದೆ, ಅವನು "ಸುಮ್ನೆ ಫ್ರೆಂಡ್ ಅಮ್ಮ" ಅಂದ, ನಾನು "ಸರಿ" ಅಂದೆ. ಆದರೆ ಕಾನೂನು ಮಾತ್ರ ಬಿಡಿಸಿ ಹೇಳಿದ್ದೇವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ಕಣ್ಣಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳು, ಅವರ ಒಪ್ಪಿಗೆಗೆ ಅಲ್ಲಿ ಲೆಕ್ಕವಿಲ್ಲ. ಇಬ್ಬರಿಗೂ ಇಷ್ಟ ಇತ್ತು ಅಂದರೆ ಪೊಲೀಸ್ ಸ್ಟೇಷನ್ನಿನಲ್ಲಿ ನಡೆಯುವುದಿಲ್ಲ. ಅಶ್ಲೀಲ ಫೋಟೋ ಕೇಳುವುದು, ಕಳಿಸುವುದು, ಮುಂದಕ್ಕೆ ಹಂಚುವುದು, ಎಲ್ಲವೂ ಕೇಸಾಗಬಹುದು. ಹೆಣ್ಣು ಹೆತ್ತವರು ಹೆದರಿಕೆಗಾದರೂ ಇದನ್ನೆಲ್ಲ ತಿಳಿದಿರುತ್ತಾರೆ. ಗಂಡು ಹೆತ್ತವರೇ ಕೂರಿಸಿಕೊಂಡು ಹೇಳಬೇಕು. ಹೇಳುವಾಗ ಇವರ ಕಿವಿ ಕೆಂಪಾಗಿತ್ತು, ಮಗ ಸೀಲಿಂಗ್ ಫ್ಯಾನ್ ನೋಡುತ್ತಿದ್ದ. ಹತ್ತು ನಿಮಿಷದಲ್ಲಿ ಮುಗಿಯಿತು.

ಕೊನೆಗೆ ಮಾರ್ಕ್ಸ್. ಸೆಕೆಂಡ್ ಪಿಯು ಇರುವ ಮನೆಗೆ ಫೋನ್ ಮಾಡುವವರೆಲ್ಲ ಮೊದಲು ಕೇಳುವುದು "ಹೇಗೆ ಓದ್ತಿದ್ದಾನೆ?" ಅಂತ. ಹೇಗಿದ್ದಾನೆ ಅಂತ ಕೇಳುವವರು ಅಪರೂಪ. ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಪರೀಕ್ಷೆ-1, ಪರೀಕ್ಷೆ-2 ಅಂತ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಕೊಡುತ್ತಿದ್ದಾರೆ. ಅವುಗಳಲ್ಲಿ ಹೆಚ್ಚು ಬಂದದ್ದನ್ನೇ ಇಟ್ಟುಕೊಳ್ಳಬಹುದು. ಸರ್ಕಾರವೇ ಇನ್ನೊಂದು ಅವಕಾಶ ಕೊಟ್ಟಿರುವಾಗ ನಾವು ಮನೆಯಲ್ಲಿ ಒಂದೇ ಸಲ ಅಂತ ಯಾಕೆ ಹಿಡಿಯಬೇಕು? ರಿಸಲ್ಟ್ ದಿನ ನೆಂಟರ ಫೋನುಗಳನ್ನು ನಾನೇ ತೆಗೆದುಕೊಳ್ಳುತ್ತೇನೆ, ಅವನ ಕೈಗೆ ಕೊಡುವುದಿಲ್ಲ ಅಂತ ಈಗಲೇ ಹೇಳಿಟ್ಟಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲೂ ಹಾಗೇ ಮಾಡಿದ್ದೆ. ಅವನ ಚಿಕ್ಕಪ್ಪ "ಇನ್ನೊಂದು ಹತ್ತು ಬರಬೇಕಿತ್ತು" ಅಂದಾಗ "ನಿಮ್ಮ ಕಾರ್ಡು ಕಳಿಸಿ ಭಾವ, ಫ್ರೇಮ್ ಹಾಕಿಸ್ತೀನಿ" ಅಂದೆ. ಅವರು ಆಮೇಲೆ ಆರು ತಿಂಗಳು ಫೋನ್ ಮಾಡಲಿಲ್ಲ. ಅದೂ ಒಂಥರಾ ಲಾಭವೇ.

ತಮಾಷೆ ಬದಿಗಿಟ್ಟು ಹೇಳಬೇಕಾದ್ದು ಒಂದಿದೆ. ಸಿಡುಕು, ಮೌನ, ಬಾಗಿಲು ಹಾಕಿಕೊಳ್ಳುವುದು ಎಲ್ಲ ಈ ವಯಸ್ಸಿಗೆ ಸಹಜ ಅಂತ ಮೇಲೆ ಬರೆದೆ. ಆದರೆ ಇಷ್ಟದ ಆಟ, ಇಷ್ಟದ ಗೆಳೆಯರು, ಇಷ್ಟದ ಊಟ ಎಲ್ಲವನ್ನೂ ಒಟ್ಟಿಗೆ ಬಿಟ್ಟು ಎರಡು ವಾರ ಕಳೆದರೂ ಹಾಗೇ ಇದ್ದರೆ, ತನ್ನ ಪ್ರೀತಿಯ ವಸ್ತುಗಳನ್ನು ಬೇರೆಯವರಿಗೆ ಕೊಡುತ್ತಿದ್ದರೆ, "ನಾನಿಲ್ದಿದ್ರೆ ನಿಮಗೇ ಒಳ್ಳೇದು" ಅನ್ನುವ ಥರದ ಮಾತು ಬಂದರೆ, ಅದು ಹರೆಯದ ಸಿಡುಕಲ್ಲ. ಆಗ ಕೂದಲು, ಟವೆಲ್ಲು, ಮಾರ್ಕ್ಸು ಯಾವ ಜಗಳವೂ ಬೇಡ. ಪಕ್ಕದಲ್ಲಿ ಕೂತು ನೇರವಾಗಿ ಕೇಳಬೇಕು, ಸಾಯಬೇಕು ಅನ್ನಿಸ್ತಿದೆಯಾ ಮಗಾ ಅಂತ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ ಅಂತ ಮನೋವೈದ್ಯರೂ ವಿಶ್ವ ಆರೋಗ್ಯ ಸಂಸ್ಥೆಯೂ ಸ್ಪಷ್ಟವಾಗಿ ಹೇಳುತ್ತಾರೆ. ಕೇಳಿದರೆ ಮಗುವಿಗೆ ಮಾತಾಡಲು ದಾರಿಯಾಗುತ್ತದೆ. ಅಂಥ ಹೊತ್ತಿನಲ್ಲಿ ಅವರನ್ನು ಒಬ್ಬರನ್ನೇ ಬಿಡಬಾರದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ನಡುರಾತ್ರಿಯಾದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ನಂಬರ್ 14416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನದ ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹದಿನೆಂಟರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಟೆಲಿ ಮಾನಸ್‌ಗೆ ಮಕ್ಕಳೇ ಮಾಡಬೇಕು ಅಂತಿಲ್ಲ. ಮಗುವಿಗೆ ಏನಾಗಿದೆ ಅಂತ ತಿಳಿಯದೆ, ಏನು ಮಾತಾಡಬೇಕು ಅಂತಲೂ ತೋಚದೆ ಕೂತ ಅಪ್ಪ ಅಮ್ಮನೂ ಮಾಡಬಹುದು.